ಅರ್ಧಕ್ಕನ ತಲೆ

“ಮುಟ್ಟಿ ನೋಡಿ, ಮುಟ್ಟಿ ನೋಡಿ. ಹೆದರ್ಕೋಬೇಡಿ, ಇವಳು ಕಚ್ಚಲ್ಲ.”

ಹಾಗೆನ್ನುತ್ತ ಸಲೂನಿನ ಒಡತಿ ಮೇಡಂ ಅರ್ಧಕ್ಕನ ಗದ್ದ ಹಿಡಿದು ತಲೆಯನ್ನು ಗಿರಾಕಿಯ ಕಡೆ ತಿರುಗಿಸಿದರು. ಅರ್ಧಕ್ಕನ ಕೈಯಲ್ಲಿ ಪೊರಕೆ ಹಾಗೇ ಇತ್ತು. ಯಾರದೋ ಕತ್ತರಿಸಿದ ಕೂದಲನ್ನು ಆಗಷ್ಟೇ ಗುಡಿಸಿ ಮೂಲೆಗೆ ಸೇರಿಸಿದ್ದಳು.

“ಈ ಬಲಗಡೆ ನೋಡಿ, ನಮ್ಮ ಡೀಪ್ ಕಂಡೀಷನಿಂಗ್. ಮಾಡ್ಸಿ ಆರು ತಿಂಗಳಾಯ್ತು, ಇನ್ನೂ ರೇಷ್ಮೆ. ಈ ಎಡಗಡೇದು ಇವಳ ಸ್ವಂತದ್ದು. ಇವಳ ಕೈಲಿರೋ ಪೊರಕೆಗೂ ಇದಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ ಹೇಳಿ!”

ಗಿರಾಕಿ ವಯಸ್ಸಾದ ಹೆಂಗಸು. ತಲೆ ತೊಳೆಸಿಕೊಳ್ಳಲೆಂದು ಕನ್ನಡಕ ತೆಗೆದಿಟ್ಟಿದ್ದರು. ಎರಡೂ ಕಡೆ ಬೆರಳಾಡಿಸಿ, ಎಡಗಡೆಯದನ್ನೇ ಹಿಡಿದುಕೊಂಡು, “ನಂಗೆ ಇದೇ ಥರ ಮಾಡ್ಕೊಡಿ. ಎಷ್ಟು ತುಂಬ್ಕೊಂಡಿದೆ!” ಎಂದರು.

“ಅಲ್ಲಮ್ಮಾ, ಅದು ಕೆಟ್ಟಿರೋ ಕಡೆ.”

“ಹೌದಾ? ಮತ್ತೆ ಈ ಕಡೇದ್ಯಾಕೆ ಒಣಹುಲ್ಲಿನ ಹಾಗಿದೆ?”

ಅರ್ಧಕ್ಕ ನಗು ತಡೆಯಲಾರದೆ ಕೆಮ್ಮಿದಳು. ಮೇಡಂ ಅವಳ ಗದ್ದ ಬಿಟ್ಟು, ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, “ಹೋಗು, ಟಾಯ್ಲೆಟ್ ತೊಳಿ” ಎಂದರು.

ನಾನು ಆ ಸಲೂನಿನಲ್ಲಿ ತಲೆ ತೊಳೆಯುವವಳು. ನನಗೂ ಹೆಸರಿದೆ, ಆದರೆ ಅಲ್ಲಿ ಅದು ಯಾರಿಗೂ ಬೇಕಾಗಿಲ್ಲ. “ಏಯ್ ಬೇಸಿನ್” ಎಂದರೆ ನಾನೇ ಓಡಬೇಕು. ನೀವೂ ಬಂದಿರಬಹುದು. ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ, ಏಕೆಂದರೆ ನನ್ನ ಹತ್ತಿರ ಬಂದವರೆಲ್ಲ ಕಣ್ಣು ಮುಚ್ಚಿಕೊಂಡು ಮಲಗಿಬಿಡುತ್ತಾರೆ. ನಿಮ್ಮ ನೆತ್ತಿಯಲ್ಲಿ ಹೊಟ್ಟು ಎಷ್ಟಿದೆ, ಹೇನು ಇದೆಯೋ ಇಲ್ಲವೋ, ಬಣ್ಣ ಹಚ್ಚಿ ಎಷ್ಟು ದಿನವಾಯಿತು, ಎಲ್ಲ ನನಗೆ ಗೊತ್ತು. ಯಾರಿಗೂ ಹೇಳುವುದಿಲ್ಲ, ಬಿಡಿ.

ಅರ್ಧಕ್ಕನ ಕೆಲಸ ಕಸ, ನೆಲ, ಕನ್ನಡಿ, ಪಾಯಿಖಾನೆ. ಅವಳದು ಹುಟ್ಟಿನಿಂದಲೇ ಗುಂಗುರು ಕೂದಲು, ಬಾಚಣಿಗೆಯ ಹಲ್ಲು ಮುರಿಯುವಂಥದ್ದು. ಕೆಲಸಕ್ಕೆ ಸೇರಿದ ವಾರವೇ ಮೇಡಂ ಅವಳನ್ನು ಕೂರಿಸಿ, ನಡುನೆತ್ತಿಗೆ ಬೈತಲೆ ತೆಗೆದು, ಬಲಗಡೆಗೆ ಮಾತ್ರ ಕೂದಲು ನೇರ ಮಾಡುವ ಆ ಡೀಪ್ ಕಂಡೀಷನಿಂಗ್ ಔಷಧಿ ಹಚ್ಚಿಸಿದರು. ಅಂದಿನಿಂದ ಅವಳು ಕೂದಲು ಕಟ್ಟುವಂತಿಲ್ಲ, ಹೆಣೆಯುವಂತಿಲ್ಲ, ಬಟ್ಟೆ ಮುಚ್ಚುವಂತಿಲ್ಲ. ಗಿರಾಕಿಗಳಿಗೆ ಎರಡೂ ಕಡೆ ಕಾಣುತ್ತಿರಬೇಕು. ಒಪ್ಪದಿದ್ದರೆ ಕೆಲಸವಿಲ್ಲ. ಅರ್ಧಕ್ಕ ಎಂಬ ಹೆಸರು ಇಟ್ಟವಳು ನಾನೇ. ಅದಕ್ಕೆ ಎಲ್ಲರಿಗಿಂತ ಮೊದಲು ನಕ್ಕವಳೂ ಅವಳೇ.

ಬಸ್ಸಿನ ಕಥೆ ಅವಳ ಬಾಯಿಂದಲೇ ಕೇಳಬೇಕು. “ಬಲಗಡೆ ಕಂಡ್ರೆ ಕಂಡಕ್ಟರ್ರು ‘ಬನ್ನಿ ಮೇಡಂ, ಇಲ್ಲಿ ಸೀಟಿದೆ’ ಅಂತಾನೆ ಕಣೆ. ಕೂತ್ಕೊಂಡು ಆ ಕಡೆ ತಿರುಗಿದ್ರೆ, ‘ಏಯ್, ಆ ಮೇಡಂ ಎಲ್ಲೋದ್ರು? ಏಳಮ್ಮ ಮೇಲೆ’ ಅಂತಾನೆ!” ಸುಳ್ಳೋ ನಿಜವೋ, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಮನೆಯಲ್ಲಿ ಮಗಳು ಮಾತ್ರ ಸದಾ ಅವಳ ಎಡಗಡೆಗೇ ಒರಗಿ ಕೂರುತ್ತಾಳಂತೆ. ಅದನ್ನು ಹೇಳುವಾಗ ಅವಳು ನಗುತ್ತಿರಲಿಲ್ಲ.

ಈಗ ಒಳಗಿನ ಸಂಗತಿ ಹೇಳುತ್ತೇನೆ. ಔಷಧಿಯ ರೇಷ್ಮೆ ಬಾಳಿದ್ದು ಮೂರೇ ವಾರ. ನಾಲ್ಕನೇ ವಾರ ಬಲಗಡೆಯ ಕೂದಲೂ ಒಂದೊಂದಾಗಿ ಸುರುಳಿ ಸುತ್ತಿಕೊಳ್ಳತೊಡಗಿತು. ಮೇಡಂ ನನ್ನನ್ನು ಹಿಂದಿನ ಸಾಮಾನಿನ ಕೋಣೆಗೆ ಕರೆದು, ಕೂದಲು ನೇರ ಮಾಡುವ ಇಸ್ತ್ರಿಯನ್ನು ಕೈಗಿತ್ತರು. ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅರ್ಧಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಿದ್ದಳು, ನಾನು ಅವಳ ಅರ್ಧ ತಲೆಯನ್ನು ಇಸ್ತ್ರಿ ಮಾಡುತ್ತಿದ್ದೆ. ಹೊಗೆ ಬರುತ್ತಿತ್ತು, ಸೀದ ವಾಸನೆ ಬರುತ್ತಿತ್ತು. ಹೀಗಾಗಿ, ರಿಪೇರಿಯಾಗಿದೆ ಎಂದು ಎಲ್ಲರೂ ಸವರಿ ಮೆಚ್ಚುತ್ತಿದ್ದ ಕಡೆ ಸುಟ್ಟು ಹಾಳಾಗಿತ್ತು. ಕೆಟ್ಟಿದೆ ಎಂದು ಮೂಗು ಮುರಿಯುತ್ತಿದ್ದ ಕಡೆ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿತ್ತು.

ಸುಡುತ್ತಿದ್ದವಳು ನಾನು. ನನಗೆ ನಾಚಿಕೆಯಾಗುತ್ತಿತ್ತು.

“ಅಕ್ಕಾ, ನನ್ನ ಒಂದ್ಸಲ ಬೈದ್ಬಿಡು.”

“ನಿನ್ಯಾಕೆ ಬೈಲಿ? ಬೈಯಕ್ಕೆ ಅವಳಿದಾಳಲ್ಲ, ಹಾಳಾದೋಳು. ನೀನು ಕಿವಿ ಸುಡಬೇಡ, ಅಷ್ಟು ಸಾಕು.”

ಒಂದು ಬುಧವಾರ ಶಾಲೆ ಬೇಗ ಬಿಟ್ಟಿತೆಂದು ಅವಳ ಮಗಳು ಸಲೂನಿಗೆ ಬಂದಳು. ಎಂಟು ವರ್ಷದವಳು. ಚೀಲ ಬೆನ್ನಿಗಿತ್ತು, ಕೂದಲು ತಾಯಿಯದೇ, ಆದರೆ ಇಡೀ ತಲೆಗೆ. ಬಾಗಿಲ ಹತ್ತಿರ ನಿಂತವಳ ಮೇಲೆ ಮೇಡಂ ಕಣ್ಣು ಬಿತ್ತು.

“ಇದ್ಯಾರೇ? ನಿನ್ನ ಮಗಳಾ? ತಲೆ ನೋಡು, ಒಳ್ಳೆ ಗುಬ್ಬಿಗೂಡು!”

“ಗುಬ್ಬಿ ಬಂದ್ರೆ ಬರ್ಲಿ. ನಂಗೆ ಗುಬ್ಬಿ ಇಷ್ಟ,” ಎಂದಿತು ಹುಡುಗಿ.

ಮೇಡಂಗೆ ಸಿಟ್ಟು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು, ಯೋಚನೆ. “ಭಾನುವಾರ ಮಕ್ಕಳ ಟ್ರೀಟ್‌ಮೆಂಟ್ ಶುರು ಮಾಡ್ತಿದೀವಿ. ಔಷಧಿ ಕಂಪನಿಯೋರು ಬರ್ತಾರೆ. ಇವಳನ್ನ ಕರ್ಕೊಂಡು ಬಾ. ಎಲ್ಲರ ಮುಂದೆ ಅರ್ಧ ತಲೆಗೆ ಹಚ್ಚಿ ತೋರಿಸೋಣ. ತಾಯಿ ಮಗಳು ಜೋಡಿ!”

ಅರ್ಧಕ್ಕ ಕೈಯಲ್ಲಿದ್ದ ಒದ್ದೆಬಟ್ಟೆಯನ್ನು ಹಿಂಡುತ್ತಲೇ ಇದ್ದಳು. “ಬೇಡ ಮೇಡಂ. ಮಗು ಅದು. ಆ ಔಷಧಿ ಕಣ್ಣುರಿ, ನೆತ್ತಿಯುರಿ. ಸ್ಕೂಲಲ್ಲಿ ಎಲ್ಲಾ ನಗ್ತಾರೆ.”

“ನಗ್ಲಿ ಬಿಡು. ಯಾವ ಸಲೂನು ಅಂತ ಕೇಳ್ತಾರೆ, ನಮಗೆ ಪ್ರಚಾರ. ಪುಕ್ಕಟೆ ಮಾಡ್ತೀನಿ ಅಂದ್ರೆ ನಿಂಗೆ ಕೊಬ್ಬು. ಈ ತಲೆ ಇಟ್ಕೊಂಡು ಅದೇನು ಡಾಕ್ಟರಾಗುತ್ತಾ? ನಾಳೆ ಅದೂ ನಿನ್ನ ಹಾಗೆ ಪೊರಕೆ ಹಿಡಿಯೋದೇ. ಭಾನುವಾರ ಅವಳು ಬರಲಿಲ್ಲ ಅಂದ್ರೆ ಸೋಮವಾರ ನೀನೂ ಬರಬೇಡ.”

ಸಾಮಾನಿನ ಕೋಣೆಗೆ ಬಂದವಳೇ ಅರ್ಧಕ್ಕ ಬಕೆಟ್ಟನ್ನು ಒದ್ದಳು. “ನನ್ನ ತಲೆ ಅರ್ಧ ತಿಂದಳು, ಹೊಟ್ಟೆಪಾಡು ಅಂತ ಸುಮ್ನಿದ್ದೆ. ಈಗ ನನ್ನ ಕೂಸಿನ ತಲೆಗೆ ಕೈ ಹಾಕ್ತಾಳಂತೆ, ಬೇವರ್ಸಿ ಮುಂಡೆ! ಅವಳ ಬಾಯಿಗೆ ಮಣ್ಣು ಹಾಕ!”

“ಕರ್ಕೊಂಡು ಬರಬೇಡ ಅಕ್ಕಾ.”

“ಬರದಿದ್ರೆ ಅನ್ನಕ್ಕೇನು ಮಾಡ್ಲಿ? ಹೇಳೇ, ಏನು ಮಾಡ್ಲಿ?”

ನಾನು ಉರುಳಿದ ಬಕೆಟ್ಟನ್ನು ಎತ್ತಿಟ್ಟೆ.

ಭಾನುವಾರ ಇಪ್ಪತ್ತು ಕುರ್ಚಿ ಹಾಕಿದ್ದರು. ಇಪ್ಪತ್ತರಲ್ಲೂ ಹೆಂಗಸರು, ಕೈಯಲ್ಲಿ ಜ್ಯೂಸು. ಕನ್ನಡಕದ ಅಮ್ಮ ಮೊದಲ ಸಾಲಿನಲ್ಲಿದ್ದರು, ಈ ಸಲ ಕನ್ನಡಕ ಹಾಕಿಕೊಂಡೇ ಬಂದಿದ್ದರು. ಹುಡುಗಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಕುತ್ತಿಗೆಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿದ್ದರು. ಟೈ ಕಟ್ಟಿದ ಕಂಪನಿಯವನು ಔಷಧಿಯ ಬಾಟಲಿ ಬಿಚ್ಚಿ, “ಶುದ್ಧ ಹೂವಿನ ಪರಿಮಳ” ಎಂದು ಹೇಳಿ, ತಾನೇ ಮೂರು ಸಲ ಸೀನಿದ. ಮೊದಲ ಸಾಲಿನವರು ಮೂಗು ಮುಚ್ಚಿಕೊಂಡರು.

“ಅಮ್ಮಾ, ಉರಿಯುತ್ತಾ?” ಹುಡುಗಿ ಮೆಲ್ಲಗೆ ಕೇಳಿತು. ಅರ್ಧಕ್ಕ ಅವಳ ಕುತ್ತಿಗೆಯ ಗಂಟನ್ನು ಸಡಿಲಿಸಿದಳು.

ಮೇಡಂ ಮೊದಲು ತಾಯಿಯನ್ನು ಮುಂದಕ್ಕೆ ತಳ್ಳಿದರು. “ಇದು ನಮ್ಮ ಆರು ತಿಂಗಳ ಸಾಕ್ಷಿ! ಇವತ್ತು ಮಗಳದ್ದೂ ಹೀಗೇ ಮಾಡ್ತೀವಿ. ನೋಡಿ, ಒಂದೆಳೆ ಮಿಸುಕಿಲ್ಲ.”

“ತೊಳೆದ್ರೂ ಹೀಗೇ ಇರುತ್ತಾ?” ಕನ್ನಡಕದ ಅಮ್ಮ ಕೇಳಿದರು.

“ದಿನಾ ತೊಳೆದ್ರೂ ಹೀಗೇ!”

ಅರ್ಧಕ್ಕ ಮಗಳನ್ನೊಮ್ಮೆ ನೋಡಿದಳು. ಬಾಟಲಿಯನ್ನು ನೋಡಿದಳು. ಆಮೇಲೆ ಸೀದಾ ನನ್ನ ಬೇಸಿನ್ನಿನ ಹತ್ತಿರ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತುಬಿಟ್ಟಳು. ನಮ್ಮಂಥವರು ಆ ಕುರ್ಚಿಯನ್ನು ಒರೆಸಬಹುದು, ಕೂರುವ ಹಾಗಿಲ್ಲ. ಅವಳು ಹಿಂದಕ್ಕೆ ಒರಗಿ ಕುತ್ತಿಗೆಯನ್ನು ಬೇಸಿನ್ನಿನ ತಗ್ಗಿಗೆ ಇಟ್ಟಳು.

“ಅಯ್ಯೋ, ಇಷ್ಟು ಹಾಯಾಗಿರುತ್ತೇನೇ ಇದು?” ಎಂದಳು ನನಗೆ. ಆಮೇಲೆ ಎಲ್ಲರಿಗೂ ಕೇಳುವಂತೆ, “ದಿನಾ ತೊಳೆದ್ರೂ ಹೀಗೇ ಇರುತ್ತಂತಲ್ಲ, ತೊಳಿಯೇ. ಅಮ್ಮೋರೂ ನೋಡ್ಲಿ” ಎಂದಳು.

ಮೇಡಂ ಗಿರಾಕಿಗಳ ಕಡೆ ಹಲ್ಲು ಬಿಟ್ಟುಕೊಂಡೇ, ಹಲ್ಲುಗಳ ನಡುವಿನಿಂದ ಹೇಳಿದರು: “ಏಳೇ ಮೇಲೆ. ಏಯ್ ಬೇಸಿನ್, ನಲ್ಲಿ ಮುಟ್ಟಿದ್ಯೋ, ನೀನೂ ಮನೆಗೆ.”

ಧೈರ್ಯವಂತೆ ಎಂದು ಜಂಬ ಕೊಚ್ಚುವುದಿಲ್ಲ, ನನಗೂ ಹೊಟ್ಟೆಯಿದೆ. ಆದರೆ ಸ್ಟೂಲಿನ ಮೇಲೆ ಆ ಮಗು ನನ್ನನ್ನೇ ನೋಡುತ್ತಿತ್ತು. ನಾಳೆಯಿಂದ ಈ ಪುಟ್ಟ ಕಿವಿಯ ಪಕ್ಕದಲ್ಲೂ ಇಸ್ತ್ರಿ ಹಿಡಿಯಬೇಕಾದವಳು ನಾನೇ ಎಂದು ಹೊಳೆಯಿತು. ನಲ್ಲಿ ತಿರುಗಿಸಿದೆ.

ನೀರು ತಗುಲಿದ್ದೇ ತಡ, ಬಲಗಡೆಯ ರೇಷ್ಮೆ ಮೈಮುರಿದು ಎದ್ದಿತು. ಒಂದೊಂದು ಎಳೆಯೂ ಸುರುಳಿ ಸುತ್ತಿಕೊಂಡು ಎಡಗಡೆಯ ನೆಂಟರನ್ನು ಕೂಡಿಕೊಂಡಿತು. ಸುಟ್ಟ ತುದಿಗಳು ಮಾತ್ರ ಮುರಿದು ಹಿಡಿಯಷ್ಟು ನನ್ನ ಕೈಗೆ ಬಂದವು. ಅದನ್ನು ಎತ್ತಿ ಹಿಡಿದೆ. ಇಪ್ಪತ್ತು ಜನವೂ ಎದ್ದು ಬಂದು ಬೇಸಿನ್ನಿನ ಸುತ್ತ ಮುತ್ತಿದರು.

“ಇದು ಸೀದು ಹೋಗಿದೆಯಲ್ಲ! ಆ ಕಡೇದೇ ಚೆನ್ನಾಗಿದೆ ಅಂತ ನಾನು ಕಣ್ಣು ಕಾಣದೇನೇ ಹೇಳಿದ್ದೆ,” ಎಂದರು ಕನ್ನಡಕದ ಅಮ್ಮ.

“ನಂಗೆ ನಾಲ್ಕು ದಿನ ನೀರೇ ಸೋಕಿಸಬೇಡಿ ಅಂದಿದ್ದು ಇದಕ್ಕೇನಾ?” ಎಂದು ಇನ್ನೊಬ್ಬರು ತಲೆಯ ಸ್ಕಾರ್ಫು ಕಿತ್ತೆಸೆದರು. ಕಂಪನಿಯವನು ಬಾಟಲಿಗೆ ಮುಚ್ಚಳ ಹಾಕಿ, ಚೀಲಕ್ಕೆ ತುರುಕಿ, ಸೀನುತ್ತ ಬಾಗಿಲ ಕಡೆ ಸರಿದ. ಹುಡುಗಿ ಹೊದಿಕೆ ಎಳೆದುಕೊಂಡೇ ಸ್ಟೂಲಿನಿಂದ ಜಿಗಿದು ಬಂದು ತಾಯಿಯ ಮೊಣಕಾಲು ಹಿಡಿಯಿತು.

“ಇಬ್ಬರೂ ತೊಲಗ್ರೇ ಇಲ್ಲಿಂದ! ಈಗಲೇ!” ಮೇಡಂ ಕಿರುಚಿದರು. ನಾವು ಅಲುಗಲಿಲ್ಲ. ಅವರು ಗೋಡೆಗೆ ಹೋಗಿ ಬಿಸಿನೀರಿನ ಸ್ವಿಚ್ಚನ್ನು ಟಪ್ಪೆಂದು ಆರಿಸಿದರು.

“ಅಕ್ಕಾ, ತಣ್ಣೀರು ಬರ್ತಿದೆ.”

“ಬರ್ಲಿ ಬಿಡೇ. ನಮ್ಮನೇಲಿ ಬಿಸಿನೀರು ಬರೋ ನಲ್ಲಿ ಯಾವತ್ತಿತ್ತು?” ಅರ್ಧಕ್ಕ ಕಣ್ಣು ಮುಚ್ಚಿಕೊಂಡಳು. “ಅವಸರ ಮಾಡಬೇಡ. ಇನ್ನೊಂದ್ಸಲ ತಿಕ್ಕು.”

ನಾನು ಮೇಲಿನ ಹಲಗೆಯಿಂದ ದುಬಾರಿ ಬಾಟಲಿಯನ್ನೇ ಇಳಿಸಿ, ಕೈತುಂಬ ಶಾಂಪೂ ಸುರಿದುಕೊಂಡೆ.