ಗುಹೆಯ ಜೀರುಂಡೆಗೊಂದು ಹೆಸರು

ಮೂರು ವಾರಗಳಿಂದ ಬ್ರಿನಾಳ ಕನಸಿನಲ್ಲಿ ಬರೀ ಕತ್ತಲೆ. ಹೆದರಿಸುವ ಕತ್ತಲೆಯಲ್ಲ, ಕಂಬಳಿಯಂತೆ ಹೊದ್ದುಕೊಳ್ಳುವಂಥದ್ದು. ಅದರೊಳಗೆ ಎಲ್ಲೋ ನೀರು ತೊಟ್ಟಿಕ್ಕುತ್ತಿರುತ್ತದೆ. ಜೇನಿನ ಬಣ್ಣದ ಎರಡು ಜೀರುಂಡೆಗಳು ಒದ್ದೆ ಕಲ್ಲಿನ ಮೇಲೆ ನಡೆಯುತ್ತಿರುತ್ತವೆ. ಎರಡಕ್ಕೂ ಕಣ್ಣಿಲ್ಲ, ಕಣ್ಣಿರಬೇಕಾದ ಗುರುತೂ ಇಲ್ಲ. ಉದ್ದನೆಯ ಮೀಸೆ ಚಾಚಿ ಒಂದನ್ನೊಂದು ಹುಡುಕುತ್ತವೆ. ಇನ್ನೇನು ಮೀಸೆಗೆ ಮೀಸೆ ತಾಗಬೇಕು, ಅಷ್ಟರಲ್ಲಿ ಎಚ್ಚರವಾಗುತ್ತದೆ.

ಎಚ್ಚರದಲ್ಲೂ ಅವೇ. ವಸಂತದಲ್ಲಿ ಅವಳು ಹಗ್ಗ ಹಿಡಿದು ಎಂಬತ್ತು ಮೀಟರ್ ಗುಹೆಯೊಳಗೆ ಇಳಿದು, ಹುಳಗಳಿಗೆ ಆಮಿಷವಾಗಿ ಹಳಸಿದ ಚೀಸು, ಒಂದು ಗುಟುಕು ಬಿಯರು ಹಾಕಿದ ಜಾಡಿಯನ್ನು ಮಣ್ಣಲ್ಲಿ ಹೂತು ಬಂದಿದ್ದಳು. ತಿಂಗಳ ಮೇಲೆ ಹೋಗಿ ನೋಡಿದರೆ ಒಂದು ಗಂಡು, ಒಂದು ಹೆಣ್ಣು, ಅಕ್ಕಿಕಾಳಿನಷ್ಟು ದೊಡ್ಡವು, ಪಕ್ಕಪಕ್ಕದಲ್ಲಿ. ಅವಳು ಕೆಲಸ ಮಾಡುವ ಕೀಟ ಸಂಶೋಧನಾ ಸಂಸ್ಥೆಯ ಹಿರಿಯ ಪ್ರಾಧ್ಯಾಪಕಿ ಜೋಫ್ಕಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹುಳಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ ಕಣೇ ಹುಡುಗಿ. ನೀನೇ ಬರಿ, ನೀನೇ ಇಡು" ಅಂದಿದ್ದರು.

ಬರೆದಾಯಿತು. ಹನ್ನೊಂದು ಪುಟ. ಹೆಸರಿನ ಜಾಗದಲ್ಲಿ ಮಾತ್ರ ಒಂದು ಖಾಲಿ ಗೆರೆ.

ಹೆಸರು ಗೊತ್ತಿರಲಿಲ್ಲ ಎಂದಲ್ಲ. ಅದು ತಿಲೆನ್‌ನ ಹೆಸರು, ಕೊನೆಗೆ ಲ್ಯಾಟಿನ್ನಿನ ಒಂದು 'ಇ' ಸೇರಿಸಿ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಸಂಸ್ಥೆಯ ಹುಳಗಳ ಚಿತ್ರ ಬರೆಯುವವನು. ಮಧ್ಯಾಹ್ನ ತನ್ನ ಹುರುಳಿ ಸೂಪಿನ ಡಬ್ಬಿ ತೆರೆದು, ಕೇಳದೆಯೇ ಅರ್ಧ ಬ್ರೆಡ್ಡನ್ನು ಅವಳತ್ತ ತಳ್ಳುವವನು. ಎರಡು ವರ್ಷದಿಂದ ಆ ಅರ್ಧ ಬ್ರೆಡ್ಡನ್ನು ತಿನ್ನುತ್ತಾ ಅವಳು ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡಿರಲಿಲ್ಲ.

ಆ ದಿನ ಹೊರಗೆ ಬುರ್ಯಾ, ಬೆಟ್ಟದಿಂದ ಇಳಿದು ಬರುವ ಚಳಿಗಾಳಿ, ಹೆಂಚುಗಳನ್ನು ಕುಟ್ಟುತ್ತಿತ್ತು. ಕಿಟಕಿಯ ಬಳಿ ತಿಲೆನ್ ತನ್ನ ಚಿತ್ರಗಳ ಮೇಲೆ ಬಗ್ಗಿದ್ದ. ಜೋಫ್ಕಾ ಬಾಗಿಲಲ್ಲಿ ನಿಂತರು.

"ಜರ್ನಲ್‌ಗೆ ಸಂಜೆ ಕಳಿಸ್ಬೇಕು. ಹೆಸರೆಲ್ಲೇ?"

"ಯೋಚ್ನೆ ಮಾಡ್ತಿದೀನಿ ಮೇಡಂ."

"ಯೋಚ್ನೆಯಾ, ಕನಸಾ? ಮುಖ ನೋಡಿದ್ರೆ ಗೊತ್ತಾಗುತ್ತೆ. ಯಾರೋ ಹುಡುಗನ ಹೆಸರು."

"ಇಲ್ಲ ಮೇಡಂ!"

"ಹೂಂ. ನಿನ್ನ ವಯಸ್ಸಲ್ಲಿ ನಾನೂ ಒಂದು ಬಸವನಹುಳಕ್ಕೆ ಗಂಡನ ಹೆಸರಿಟ್ಟೆ. ಎರಡೇ ವರ್ಷಕ್ಕೆ ಗಂಡ ಬಿಟ್ಟು ಹೋದ. ಹುಳ ಹೋಗ್ಲಿಲ್ಲ. ಮೂವತ್ತು ವರ್ಷದಿಂದ ಎಲ್ಲಿ ಕಲ್ಲೆತ್ತಿದ್ರೂ ಅವನೇ! ನನ್ನ ಕೈಯಾರೆ ಅವನ ಹೆಸರು ಬರೀಬೇಕು. ಅಚ್ಚಾದ್ಮೇಲೆ ಅಳಿಸೋಕಾಗಲ್ಲ ಕಣೇ, ದೇವರು ಬಂದ್ರೂ ಆಗಲ್ಲ."

ಅವರು ನಗುತ್ತಾ ಹೋದರು. ಬ್ರಿನಾಳಿಗೆ ನಗು ಬರಲಿಲ್ಲ. ಅವನು ನಕ್ಕುಬಿಟ್ಟರೆ? 'ಥ್ಯಾಂಕ್ಸ್' ಅಂದು ಸುಮ್ಮನಾದರೆ? ಬದುಕಿಡೀ ಹುಳದ ಹೆಸರಿನಲ್ಲಿ ಅವನನ್ನು ಕರೆಯುತ್ತಾ ಇರಬೇಕಾಗುತ್ತದೆ. ಯಾವುದೋ ಬೆಟ್ಟದ ಹೆಸರಿಟ್ಟು ಮುಗಿಸಿಬಿಡಲೇ?

"ಬ್ರಿನಾ, ಇಲ್ಲಿ ಬಾ ಸ್ವಲ್ಪ." ತಿಲೆನ್‌ನ ದನಿಯಲ್ಲಿ ಏನೋ ಸಂಕೋಚವಿತ್ತು. ಅವನೆದುರು ಎರಡು ಚಿತ್ರಗಳು, ಗಂಡು, ಹೆಣ್ಣು. "ಬೈಬೇಡ, ಆಯ್ತಾ? ಇವೆರಡೂ ಜೋಡಿ ಅಲ್ಲ."

"ಅಂದ್ರೆ?"

"ಕತ್ತಿನ ಅಂಚಲ್ಲಿರೋ ಕೂದಲು ನೋಡು. ಇವನಿಗೆ ಎರಡು, ಇವಳಿಗೆ ನಾಲ್ಕು. ಮೊದ್ಲು ನನ್ನ ಕಣ್ಣೇ ಸರಿ ಇಲ್ಲ ಅನ್ಕೊಂಡೆ. ಈ ಕುಲದ ಹದಿನೇಳು ಜಾತೀನೂ ತೆಗೆದು ನೋಡ್ದೆ. ಯಾವುದ್ರಲ್ಲೂ ಗಂಡು ಹೆಣ್ಣಿಗೆ ಕೂದಲು ಬೇರೆ ಬೇರೆ ಇಲ್ಲ. ಇವೆರಡೂ ಬೇರೆ ಬೇರೆ ಜಾತಿ."

ಅವಳು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದಳು. ಬೆಳಕಿನ ಬಾವಿಯ ತಳದಲ್ಲಿ ಜೇನಿನ ಹನಿಯಂತೆ ಗಂಡು, ಪಕ್ಕದಲ್ಲಿ ಹೆಣ್ಣು. ಎರಡು, ನಾಲ್ಕು. ಹೌದು. ಒಂದೇ ಜಾಡಿಯಲ್ಲಿ ಬಿದ್ದಿದ್ದನ್ನು ಕಂಡು ತಾನೇ ಮದುವೆ ಮಾಡಿಸಿಬಿಟ್ಟಿದ್ದಳು! ಮೂರು ವಾರದಿಂದ ಕತ್ತಲಲ್ಲಿ ಅವು ಹುಡುಕುತ್ತಿದ್ದದ್ದು ಒಂದನ್ನೊಂದಲ್ಲ. ಚೀಸನ್ನು.

"ಅಯ್ಯೋ, ನಾನೆಂಥ ಪೆದ್ದಿ!"

"ಎಲ್ರೂ ಮಾಡೋ ತಪ್ಪೇ ಬಿಡು. ಪಕ್ಕಪಕ್ಕ ಇದ್ರೆ ಜೋಡಿ ಅನ್ನಿಸುತ್ತೆ."

ಅವಳು ಕತ್ತೆತ್ತಲಿಲ್ಲ. ಆ ಮಾತು ಹುಳಕ್ಕೆ ಹೇಳಿದ್ದೋ, ತನಗೆ ಹೇಳಿದ್ದೋ? ಸೂಕ್ಷ್ಮದರ್ಶಕ ಅದನ್ನು ಹೇಳುವುದಿಲ್ಲ.

ಜೋಫ್ಕಾ ಬಂದು ನೋಡಿ, ತಿಲೆನ್‌ನ ಬೆನ್ನು ತಟ್ಟಿದರು. "ಹೆಣ್ಣನ್ನ ಎತ್ತಿಡು. ಅದರ ಗಂಡು ಸಿಗೋವರ್ಗೂ ಅದಕ್ಕೆ ಹೆಸರು ಬೇಡ. ಗಂಡಿನದ್ದು ಇವತ್ತೇ ಕಳ್ಸಿ." ಹೆಣ್ಣಿನ ವಿವರವಿದ್ದ ನಾಲ್ಕು ಪುಟಗಳನ್ನು ಅವರೇ ಕಿತ್ತುಕೊಂಡು ಹೋದರು.

ಕೋಣೆಯಲ್ಲಿ ಇಬ್ಬರೇ. ತಿಲೆನ್ ಗಂಡಿನ ಚಿತ್ರವನ್ನು ಎದುರಿಗೆಳೆದುಕೊಂಡು, ನಿಬ್ಬನ್ನು ಮಸಿಯಲ್ಲಿ ಅದ್ದಿದ.

"ಚಿತ್ರದ ಕೆಳಗೆ ಏನಂತ ಬರೀಲಿ?"

ಗಾಳಿ ಒಮ್ಮೆ ನಿಂತಂತಾಯಿತು. ನಿಬ್ಬಿನ ತುದಿಯಲ್ಲಿ ಮಸಿಯ ಹನಿ ದಪ್ಪವಾಗುತ್ತಿತ್ತು. ಬೆಟ್ಟದ ಹೆಸರು ನಾಲಿಗೆಯ ತುದಿಗೆ ಬಂತು. ಬೆಟ್ಟಗಳು ನಗುವುದಿಲ್ಲ, ಬಿಟ್ಟು ಹೋಗುವುದಿಲ್ಲ. ಆದರೆ ಯಾವ ಬೆಟ್ಟವೂ ಅವಳಿಗೆ ಬ್ರೆಡ್ಡು ಕೊಟ್ಟಿರಲಿಲ್ಲ.

"ತಿಲೆನಿ," ಅಂದಳು.

ಅವನು ಮೊದಲ ಅಕ್ಷರ ಬರೆದ. ಎರಡನೆಯದು ಬರೆದ. ಮೂರನೆಯದಕ್ಕೆ ಕೈ ನಿಂತಿತು. ಕಿವಿಯ ತುದಿ ಕೆಂಪಾಯಿತು, ಆಮೇಲೆ ಕುತ್ತಿಗೆಯೂ.

"ಇದು... ಯಾವ ತಿಲೆನ್?"

"ನಂಗೆ ಒಬ್ಬನೇ ಗೊತ್ತಿರೋದು."

ಅವನು ನಗಲಿಲ್ಲ. ಥ್ಯಾಂಕ್ಸ್ ಅನ್ನಲಿಲ್ಲ. ಚಿತ್ರವನ್ನೇ ದಿಟ್ಟಿಸಿದ. ಕೊನೆಗೆ ಆ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಡ್ರಾಯರಿನಿಂದ ಹೊಸ ಹಾಳೆ ತೆಗೆದ.

"ಏನಾಯ್ತು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಎಡಗಡೆ ಮೀಸೆ ಸೊಟ್ಟ ಬರ್ದಿದೀನಿ. ಯಾರದೋ ಹೆಸರು ಬರುತ್ತೆ ಅನ್ಕೊಂಡು ಬರೆದ ಚಿತ್ರ ಅದು." ಪೆನ್ಸಿಲಿನ ತುದಿ ಚೂಪು ಮಾಡುತ್ತಾ, ಅವಳತ್ತ ನೋಡದೆಯೇ ಹೇಳಿದ, "ನೀನಿಟ್ಟಿರೋ ಹೆಸರು ಅಳಿಸೋಕಾಗಲ್ವಂತೆ. ಹಾಗಾದ್ರೆ ಸರಿಯಾಗಿ ಬರೀಬೇಕು ತಾನೇ?"

ಒಳಗಿನಿಂದ ಜೋಫ್ಕಾ ಕೂಗಿದರು, "ಕಳ್ಸಿದ್ರೇನ್ರೋ?"

"ಇವತ್ತಾಗಲ್ಲ ಮೇಡಂ!" ಇಬ್ಬರೂ ಒಟ್ಟಿಗೇ ಅಂದರು.

ತಿಲೆನ್ ಕಾಲಿನಿಂದ ಇನ್ನೊಂದು ಸ್ಟೂಲನ್ನು ಎಳೆದು ತನ್ನ ಪಕ್ಕಕ್ಕೆ ಹಾಕಿದ. "ಕೂತ್ಕೋ. ನೀನು ನೋಡಿ ಹೇಳು, ನಾನು ಬರೀತೀನಿ."

ಅವಳು ಕೂತಳು. ಬೆಳಕಿನ ಬಾವಿಯೊಳಗೆ ಇಣುಕಿ, ಮೀಸೆಯ ಒಂದೊಂದು ಗೆಣ್ಣನ್ನೂ ನಿಧಾನವಾಗಿ ಎಣಿಸತೊಡಗಿದಳು.