ಹಟದ ಎತ್ತರ

ನಮ್ಮ ಬೀದಿಯವರೆಲ್ಲ ನೆಲದಕ್ಕ ಎಂದು ಕರೆಯುತ್ತಿದ್ದ ಆಕೆ ಮನುಷ್ಯರನ್ನು ಮುಖದಿಂದಲ್ಲ, ಪಾದದಿಂದ ಗುರುತಿಸುತ್ತಿದ್ದಳು. ಯಾವಾಗ ಹೋದರೂ ಷೆಡ್ಡಿನ ಸಿಮೆಂಟು ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಯಾವುದೋ ಕಾರಿನ ಹೊಟ್ಟೆಯಡಿ ಹಾದುಬರುವ ಬೆಳಕಿನ ಗೆರೆಯನ್ನು ನೋಡುತ್ತ ಮಲಗಿರುತ್ತಿದ್ದಳು, ಹೊಸ್ತಿಲಲ್ಲಿ ನನ್ನ ಚಪ್ಪಲಿ ಕಂಡೊಡನೆ ಅಲ್ಲಿಂದಲೇ, "ಎಡಗಾಲಿನ ಹಿಮ್ಮಡಿ ಸವೆದಿದೆ, ಹೊಲಿಗೆಯವ್ರೇ. ಮಂಡಿ ನೋಯ್ತಿದ್ಯಾ?" ಎನ್ನುತ್ತಿದ್ದಳು. ನೋಯುತ್ತಿತ್ತು. ಅದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ನಾನು ಕಾರಿನ ಸೀಟು ಹೊಲಿಯುವವನು. ಆಕೆಯ ಷೆಡ್ಡಿಗೂ ನನ್ನ ಅಂಗಡಿಗೂ ನಡುವೆ ಒಂದು ತಗಡಿನ ಗೋಡೆ. ಶಾಲೆಯ ಮೆಟ್ಟಿಲು ತುಳಿಯದೆ ಅಕ್ಷರವನ್ನೂ ಕಸುಬನ್ನೂ ಕಂಡಲ್ಲಿ ಕಿತ್ತುಕೊಂಡು ಕಲಿತವನಾದ್ದರಿಂದ ಇನ್ನೊಬ್ಬರ ಕೈಚಳಕಕ್ಕೆ ಸುಲಭವಾಗಿ ತಲೆಬಾಗುವ ಜಾಯಮಾನ ನನ್ನದಲ್ಲ. ಆದರೆ ಆಕೆಯ ಕೈಗೆ ಬಾಗಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಗಿಡ್ಡ ಮೈ, ಒನಕೆಯಂಥ ತೋಳು. ನಡೆಯುವಾಗಲೂ ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಈಗಷ್ಟೇ ಎದ್ದವಳೋ ಇನ್ನೇನು ಮಲಗುವವಳೋ ಹೇಳಬರುತ್ತಿರಲಿಲ್ಲ. ಮೈಮೇಲೆ ತೀರಿಹೋದ ಗಂಡನ ಬೂದುಬಣ್ಣದ ಉದ್ದ ಕೋಟು. ಅದರ ಗುಂಡಿಗಳನ್ನೆಲ್ಲ ಕಿತ್ತು, ಕಾರಿನ ಬಣ್ಣ ಗೀರುತ್ತವೆಂದು, ದಾರ ಕಟ್ಟಿಕೊಂಡಿದ್ದಳು. "ಬಟ್ಟೆಯ ಗುಂಡಿಯನ್ನಾದರೂ ಹೊಲಿದುಕೊಡ್ತೀನಿ ತಾಯಿ, ನೋಡೋಕೆ ಚೆನ್ನಾಗಿರಲ್ಲ" ಎಂದರೆ, "ನನ್ನ ಅಂದ ನೋಡೋಕೆ ಯಾರೂ ಇಲ್ಲಿಗೆ ಬರಲ್ಲ ಬಿಡಿ" ಎಂದು ಕಾರಿನಡಿಯಿಂದ ನಗುತ್ತಿದ್ದಳು.

ಆಕೆಯ ಬಾಯಲ್ಲಿ ಸದಾ ಒಂದೇ ಮಾತು: "ಕೂರಲಿ." ಚಹಾದ ಪುಡಿಗೂ ಅದೇ, ನೆರೆಹೊರೆಯ ಜಗಳಕ್ಕೂ ಅದೇ. ತಂಗಿಯ ಮಗಳಿಗೆ ವರ ನೋಡಿಬಂದ ದಿನ, "ಹುಡುಗ ಹೇಗಿದ್ದಾನಕ್ಕಾ?" ಎಂದು ಮನೆಯವರೆಲ್ಲ ಮುತ್ತಿಕೊಂಡರೆ, "ಮೇಲೆ ಬಹಳ ಕುಣೀತಾನೆ, ಸ್ವಲ್ಪ ಕೂರಲಿ" ಎಂದಳಂತೆ.

ಆಕೆಯ ವಿಶೇಷ ಕಸುಬು ಹಳೆಯ ಕಾರುಗಳನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸುವುದು. ಬಿರುಸಿನ ಎಳೆಯರು ಗರಗಸ ಹಿಡಿದು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಎಸೆದರೆ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆಕೆಗೆ ಅದು ಕತ್ತಿಯ ಮೇಲಿನ ನಡಿಗೆ. ಅದುಮಿದ ಸ್ಪ್ರಿಂಗನ್ನು ಹೊರತೆಗೆಯುವಾಗ ಷೆಡ್ಡಿನಲ್ಲಿ ಒಂದು ನೊಣವನ್ನೂ ಬಿಡುತ್ತಿರಲಿಲ್ಲ. "ಎದುರಿಗೆ ನಿಲ್ಬೇಡಿ. ಸಿಡಿದರೆ ಅದಕ್ಕೆ ನೆಂಟರು ಇಷ್ಟರು ಗೊತ್ತಾಗಲ್ಲ."

ಒಂದು ಸಲ, ಹಡಗಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರು ಕಡುಹಸಿರು ಬಣ್ಣದ, ಎರಡೇ ಸೀಟಿನ, ಮಾಡು ಮಡಚುವ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ತಂದರು. ಅದನ್ನು ತಯಾರಿಸಿದವರೇ ಯಾವುದೋ ಕಾಯಿದೆಗೆ ಮಣಿದು ಎತ್ತರಿಸಿ ಕಳಿಸಿದ್ದರು. ನೆಲಕ್ಕಂಟಿ ಹರಿಯಬೇಕಾದ ಗಾಡಿ, ನೀರು ಕಂಡ ಬೆಕ್ಕಿನ ಹಾಗೆ ತುದಿಗಾಲಲ್ಲಿ ನಿಂತಿತ್ತು. ಅವರ ಆತುರಕ್ಕೆ ಕಾರಣವಿತ್ತು. ಅವರ ಕಣ್ಣಿಗೆ ಬಂದಿದ್ದು ಪೊರೆಯಲ್ಲ, ಅದಕ್ಕಿಂತ ಕೆಟ್ಟದ್ದೇನೋ. ಮುಂದಿನ ವಾರ ಆಪರೇಷನ್, ದೃಷ್ಟಿ ಉಳಿಯುವ ಭರವಸೆಯನ್ನು ವೈದ್ಯರು ಕೊಟ್ಟಿರಲಿಲ್ಲ. ಕಾರು ಹೇಗಿರಬೇಕೆಂದು ಜೀವಮಾನವಿಡೀ ಕನಸಿದ್ದರೋ ಹಾಗೆ ಮಾಡಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗುಡ್ಡದ ತಿರುವು ರಸ್ತೆಯಲ್ಲಿ ಒಮ್ಮೆ, ತಮ್ಮದೇ ಕಣ್ಣಿಂದ ದಾರಿ ನೋಡುತ್ತ ಓಡಿಸಬೇಕೆಂಬುದಷ್ಟೇ ಅವರಿಗಿದ್ದ ಆಸೆ.

ಆಕೆ ಸ್ಪ್ರಿಂಗು ಮಾಡುವವನ ಬಳಿ ಬೇಕಾದ ಎತ್ತರದ ಹೊಸ ಜೋಡಿ ಮಾಡಿಸಿ, ಮುಂದಿನ ಚಕ್ರಗಳಿಗೆ ತೊಡಿಸಿದಳು; ಹಿಂದಿನ ಪಟ್ಟಿ ಸ್ಪ್ರಿಂಗುಗಳಿಗೂ ಅವುಗಳ ಮೇಲಿನ ಅಚ್ಚಿಗೂ ನಡುವೆ ಅಲ್ಯೂಮಿನಿಯಮ್ಮಿನ ದಿಂಬು ಕೊಟ್ಟು ಹಿಂಭಾಗವನ್ನೂ ತಗ್ಗಿಸಿದಳು. ಕಾರನ್ನು ನೆಲಕ್ಕಿಳಿಸಿದರೆ, ಹಿಂಭಾಗ ಸರಿಯಾಗಿ ಕೂತಿತು, ಮೂತಿ ಮಾತ್ರ ಒಂದು ಬೆರಳು ಮೇಲೆಯೇ ನಿಂತಿತು.

"ಸ್ಪ್ರಿಂಗಿನವನು ಲೆಕ್ಕ ತಪ್ಪಿದ್ದಾನೆ. ಅರ್ಧ ಸುತ್ತು ಕತ್ತರಿಸಿಬಿಡಿ" ಎಂದರು ಹಿರಿಯರು.

"ಕತ್ತರಿಸಿದ್ದು ಮತ್ತೆ ಬೆಳೆಯಲ್ಲ ಸ್ವಾಮಿ. ಕೂರಲಿ."

"ನಿಮಗೆ ಕೂರಿಸೋಕೆ ಕಾಲ ಇದೆ ತಾಯಿ. ನನಗೆಲ್ಲಿದೆ?"

ಆ ಮಾತಿಗೆ ಜೊತೆಗೆ ಬಂದಿದ್ದ ಅವರ ಹೆಂಡತಿ ಬಾಗಿಲ ಕಡೆ ತಿರುಗಿ ನಿಂತರು. ನೆಲದಕ್ಕ ಷೆಡ್ಡಿನಲ್ಲಿ ತನ್ನ ಜೊತೆ ದುಡಿಯುವ ಮೈದುನನಿಗೆ ಸನ್ನೆ ಮಾಡಿದಳು. ಅವನು ಕತ್ತರಿಸುವ ಯಂತ್ರವನ್ನು ತಂದು ಕಾಲ ಬಳಿ ಇಟ್ಟ. ನಾನು ಗೋಡೆಯ ಸಂದಿಯಲ್ಲಿ ಸೂಜಿ ಹಿಡಿದೇ ನಿಂತಿದ್ದೆ. ಕರುಣೆ ಗೆಲ್ಲುತ್ತದೆ ಎಂದುಕೊಂಡೆ, ನಾನಾಗಿದ್ದರೆ ಗೆಲ್ಲಿಸುತ್ತಿದ್ದೆ.

ಆಕೆ ಯಂತ್ರ ಮುಟ್ಟಲಿಲ್ಲ. ಕಾರಿನ ಮೂತಿಯ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕಿ ಅದುಮಿ, ಬಿಟ್ಟಳು. ಮತ್ತೆ ಅದುಮಿದಳು, ಬಿಟ್ಟಳು. ಮೂರನೆಯ ಬಾರಿ ಕಿವಿಯನ್ನು ಲೋಹಕ್ಕೆ ಹಚ್ಚಿದಳು. ತೊಟ್ಟಿಲ ಮಗುವಿನ ಎದೆಗೆ ಕಿವಿಗೊಟ್ಟ ತಾಯಿಯನ್ನು ಕಂಡಿದ್ದೇನೆ. ಕಬ್ಬಿಣಕ್ಕೆ ಹಾಗೆ ಕಿವಿಗೊಟ್ಟವರನ್ನು ಆಮೇಲೂ ಕಂಡಿಲ್ಲ.

"ಇದು ಸ್ಪ್ರಿಂಗಿನ ಎತ್ತರ ಅಲ್ಲ, ಹಟದ ಎತ್ತರ" ಎಂದಳು. ಮೈದುನನ ಕಡೆ ತಿರುಗಿ, "ನಾನು ಊಟಕ್ಕೆ ಹೋದಾಗ ಏನಾದ್ರೂ ಬಿಗಿದ್ಯೇನಪ್ಪ?"

ಆ ಮೈದುನನನ್ನು ಬೀದಿಯಲ್ಲಿ ಬಿಗಿಯಣ್ಣ ಎನ್ನುತ್ತಿದ್ದರು. ಅವನು ಮುಚ್ಚಿದ ಫ್ಲಾಸ್ಕನ್ನು ತೆರೆಯಲು ಇಬ್ಬರು ಬೇಕು. ಸಡಿಲವಾದ ಬೋಲ್ಟು ಕಂಡರೆ ಅವನಿಗೆ ತೆರೆದಿಟ್ಟ ಬಾಗಿಲು ಕಂಡಂತೆ. ಅವನ ಮುಖ ಬೆಳ್ಳಗಾಯಿತು. "ತೋಳಿನ ಬುಡದವು ಸಡಿಲ ಇದ್ವು ಅತ್ತಿಗೆ. ನೀವು ಮರೆತಿರಿ ಅಂದ್ಕೊಂಡು…"

ಆಗ ನನಗೆ ಗೊತ್ತಾಯಿತು. ಚಕ್ರ ಹಿಡಿದ ತೋಳುಗಳ ಬುಡದಲ್ಲಿ ಬುಷ್ಷುಗಳೆಂಬ ರಬ್ಬರಿನ ಬಳೆಗಳಿರುತ್ತವೆ. ಅವುಗಳ ಬೋಲ್ಟನ್ನು ಕಾರು ತನ್ನ ಕಾಲ ಮೇಲೆ ನಿಂತು ಭಾರ ಹೊತ್ತ ಮೇಲೆಯೇ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರು ಆ ಭಂಗಿಯನ್ನೇ ತನ್ನದೆಂದು ನಂಬಿ, ಗಾಡಿಯನ್ನು ಇಳಿಯಗೊಡದೆ ಎತ್ತಿ ಹಿಡಿಯುತ್ತದೆ. ಅಂದು ಸ್ಪ್ರಿಂಗು ಕತ್ತರಿಸಿದ್ದರೆ, ಒಂದೆರಡು ದಿನದಲ್ಲಿ ರಬ್ಬರು ಸೋತಾಗ, ಗುಡ್ಡದ ತಿರುವಿನಲ್ಲಿ ಕಾರಿನ ಹೊಟ್ಟೆ ರಸ್ತೆಗೆ ತಾಗುತ್ತಿತ್ತು. ಸ್ಟೀರಿಂಗಿನ ಹಿಂದೆ ಮಂಜುಗಣ್ಣಿನ ಮುದುಕ.

ಆಕೆ ಬೈಯಲಿಲ್ಲ. "ಹತ್ತಿ ಕೂತ್ಕೊಳ್ಳಿ ಸ್ವಾಮಿ. ಅಮ್ಮಾವ್ರೇ, ನೀವೂ. ಗುಡ್ಡಕ್ಕೆ ಹೋಗೋರು ಯಾರೋ ಅವರ ಭಾರವೇ ಬೇಕು" ಎಂದಳು. ದಂಪತಿ ನಿಂತ ಕಾರಿನಲ್ಲಿ, ಫೋಟೋಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಆಕೆ ತೆವಳಿಕೊಂಡು ಕಾರಿನಡಿ ಹೋಗಿ ಬೋಲ್ಟುಗಳನ್ನು ಸಡಿಲಿಸಿದಳು. ಒಂದು ಸಣ್ಣ ನರಳಿಕೆ. ಕಾರು ದಿನದ ದುಡಿಮೆ ಮುಗಿಸಿ ಜಗಲಿಯ ಮೇಲೆ ಕೂತವರಂತೆ ಮೆಲ್ಲಗೆ, ಮೆಲ್ಲಗೆ ಇಳಿಯಿತು. ಸರಿಯಾಗಿ ಒಂದು ಬೆರಳು.

"ಇಳೀತು ಕಣೇ!" ಎಂದು ಹಿರಿಯರು ಹೆಂಡತಿಯ ಕೈ ಹಿಡಿದುಕೊಂಡರು.

ನೆಲದಕ್ಕ ಹೊರಬಂದು ಸ್ಪ್ಯಾನರನ್ನು ಮೈದುನನ ಕೈಗಿಟ್ಟಳು. "ಈಗ ಬಿಗಿ. ನಿನ್ನಷ್ಟು ಚೆನ್ನಾಗಿ ನನಗೆ ಬಿಗಿಯೋಕೆ ಬರಲ್ಲ." ಅವನು ಕಾರಿನಡಿ ಮಲಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಿಗಿಯುವ ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ದಂಪತಿ ಗುಡ್ಡಕ್ಕೆ ಹೋಗಿಬಂದರು. ಆಪರೇಷನ್ನಿನಲ್ಲಿ ಒಂದು ಕಣ್ಣಷ್ಟೇ, ಅದೂ ಅರೆಬರೆ, ಉಳಿಯಿತು. ಈಗ ಕಾರನ್ನು ಹೆಂಡತಿ ಓಡಿಸುತ್ತಾರೆ. ಹಿರಿಯರು ಪಕ್ಕದಲ್ಲಿ ಕೂತು, ತಿರುವು ಬರುವ ಮೊದಲೇ ಅದರ ಹೆಸರು ಹೇಳುತ್ತಾರಂತೆ.

ಕೈಯಲ್ಲಿ ಕಸುಬಿದ್ದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಆಯುಧ ಕಾಲಬುಡದಲ್ಲಿದ್ದೂ, ಕತ್ತರಿಸೆಂದು ಒಡೆಯನೇ ಅಂಗಲಾಚುತ್ತಿದ್ದೂ, ಅವನ ದುಃಖ ತನ್ನ ಎದೆಗೂ ನಾಟಿದ್ದೂ, ಕೈ ತಡೆದು ನಿಲ್ಲಬಲ್ಲವರು ಬೇರೆಯೇ ಕುಲ. ಅವರು ಮಾಡಿದ್ದಕ್ಕೆ ಸಾಕ್ಷಿ ಇರುತ್ತದೆ, ಮಾಡದೆ ಉಳಿಸಿದ್ದಕ್ಕೆ ಇರುವುದಿಲ್ಲ. ಆದ್ದರಿಂದಲೇ ಲೋಕ ಅವರನ್ನು ನಿಧಾನದವರೆಂದು ಬೈಯುತ್ತದೆ, ಮತ್ತು ಅವರ ದಯೆಯಿಂದ ಸುರಕ್ಷಿತವಾಗಿ ಮನೆ ಸೇರುತ್ತದೆ.