ಜಾಲಿ ತುಂಡಿನ ಕೊಂಬಿನ ಹುಳ

ಶೇವಂತಿ ಹಿತ್ತಲ ಬಾವಿಕಟ್ಟೆಯ ಮೇಲೆ ಕೂತು ನೀರು ಸೋಸುತ್ತಿದ್ದಳು. ಕೊಡದ ಬಾಯಿಗೆ ಎರಡು ಪದರಿನ ಬಿಳಿ ಅರಿವೆ ಬಿಗಿದು ನೀರನ್ನು ಸಣ್ಣಗೆ ಸುರಿಯುವುದು. ಕೊಡ ತುಂಬಿದ ಮೇಲೆ ಅರಿವೆಯನ್ನು ಸೋಸಿದ ನೀರಿನಲ್ಲೇ ಅದ್ದಿ ತೆಗೆದು, ಆ ನೀರನ್ನು ಮೆಲ್ಲಗೆ ಬಾವಿಗೇ ಇಳಿಬಿಡುವುದು. ಅರಿವೆಗೆ ಸಿಕ್ಕ, ಕಣ್ಣಿಗೆ ಕಾಣದ ಜೀವ ತನ್ನ ಜಾಗಕ್ಕೆ ಮರಳಬೇಕೆಂಬುದು ಆ ಜೈನರ ಮನೆಯ ರೂಢಿ. ನೇಕಾರರ ಹುಡುಗಿಯಾದ ಅವಳಿಗೂ ಅದು ಕೈಗೆ ಹತ್ತಿಹೋಗಿತ್ತು. ಒಳಗೆ ಪಡಸಾಲೆಯಲ್ಲಿ ತಾತ್ಯಾಸಾಹೇಬ ಸರ್ ಮಲಗಿದ್ದರು. ನಸುಕಿನಲ್ಲಿ ಅವರ ಉಸಿರು ನಿಂತಿತ್ತು. ಈ ನೀರು ಅವರ ಮೈ ತೊಳೆಯಲಿಕ್ಕೆ.

ಹೊರಗೆ ಟ್ರ್ಯಾಕ್ಟರ್ ಬಂದು ನಿಂತ ಸಪ್ಪಳವಾಯಿತು. ದುರಗೇಶ ಚಿತೆಗೆ ಕಟ್ಟಿಗೆ ತಂದಿದ್ದ. ಜಮಖಂಡಿ ಕಾಲೇಜಿನಲ್ಲಿ ಸರ್ ಕೈಕೆಳಗೆ ಪ್ರಾಣಿಶಾಸ್ತ್ರ ಓದಿ, ಎರಡು ಸಲ ನಪಾಸಾಗಿ, ಈಗ ಹಿಪ್ಪರಗಿಯಲ್ಲಿ ಕಬ್ಬು ಸಾಗಿಸಿಕೊಂಡಿರುವವನು. ಸುದ್ದಿ ಕೇಳಿದ್ದೇ ತಡ, ಹೊಲದ ಬದುವಿನಲ್ಲಿ ಒಟ್ಟಿಟ್ಟ ಜಾಲಿಯ ತುಂಡುಗಳನ್ನು ಹೇರಿಕೊಂಡು ರಬಕವಿಗೆ ಬಂದಿದ್ದ. ಬ್ಯಾರೇಜಿನ ಹಿನ್ನೀರು ನಿಂತು, ನಿಂತಲ್ಲೇ ಸತ್ತ ಗಿಡಗಳವು. ಸರ್ ಅಂಥವರಿಗೆ ಹಸಿ ಗಿಡ ಕಡಿಯದ ಇಂಥ ಕಟ್ಟಿಗೆಯೇ ಆಗಬೇಕೆಂದು ಅಂಗಳದಲ್ಲಿದ್ದವರಿಗೆಲ್ಲ ಹೇಳುತ್ತಿದ್ದ.

ಅಂಗಳದವರಿಗೆ ಕುಡಿಯಲು ನೀರು ಕೊಟ್ಟು ತಿರುಗುವಾಗ ಶೇವಂತಿ ಟ್ರೇಲರಿನ ಹತ್ತಿರ ನಿಂತಳು. ಹಲಗೆಯ ಸಂದಿನಿಂದ ಹಿಟ್ಟಿನಂಥ ಕಂದು ಪುಡಿ ನೆಲಕ್ಕೆ ಉದುರುತ್ತಿತ್ತು. ಬಗ್ಗಿ ನೋಡಿದಳು. ಎಲ್ಲಕ್ಕೂ ಕೆಳಗೆ ಬಿದ್ದಿದ್ದ ದಪ್ಪ ತುಂಡಿಗೆ ಕುದುರೆಯ ಗೊರಸಿನಂಥ ಅಣಬೆ ಅಂಟಿತ್ತು. ಬೆರಳಿಗೆ ಹತ್ತಿದ ಪುಡಿಯೊಳಗೆ ಒಂದು ಕಾಳು ಮಿಸುಕಿತು. ಕಿಟಕಿಯ ಮೇಲಿದ್ದ ಸರ್ ಭೂತಗನ್ನಡಿ ತಂದು ಬಿಸಿಲಿಗೆ ಹಿಡಿದಳು. ಹಣೆಯ ಮೇಲೆ ಎರಡು ಕೊಂಬು, ಕತ್ತಿನ ಮೇಲೆ ಎರಡು.

ಅವಳು ಬೆರಳನ್ನು ಸಂದಿಗೆ ತಾಗಿಸಿ ಹಿಡಿದಳು. ಹುಳ ಇಳಿದು ಒಳಗೆ ಹೋಯಿತು.

*

ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಬನಹಟ್ಟಿಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಂಡಿದ್ದ ಶೇವಂತಿಯನ್ನು ಮನೆಗೆಲಸಕ್ಕೆ ಕರೆತಂದವರು ಸರ್ ಹೆಂಡತಿ ರಾಜಮತಿಬಾಯಿ. ಬಂದ ಹೊಸತರಲ್ಲಿ ಹಪ್ಪಳದ ಡಬ್ಬಿಯೆಂದು ಒಂದನ್ನು ತೆಗೆದರೆ ಒಳಗೆ ಮರದ ಅಣಬೆ ಇತ್ತು. ಹೆದರಿ ಮುಚ್ಚಿಟ್ಟಳು.

"ಈ ಫಳಿ ಮ್ಯಾಲಿನ ಡಬ್ಬಿಯೊಳಗ ಎರಡು ನನ್ನವು. ಉಳದದ್ದೆಲ್ಲಾ ಅವರ ಸಂಸಾರ" ಎಂದಿದ್ದರು ರಾಜಮತಿಬಾಯಿ, ನಗದೆ.

ಸರ್ ಕಣ್ಣಿಗೆ ಪೊರೆ ಬಂದ ಮೇಲೆ ಆ ಸಂಸಾರ ನೋಡುವ ಕೆಲಸ ಶೇವಂತಿಯ ಪಾಲಿಗೆ ಬಂತು. ಕಡಿದ ಎಳೆ ಹುಡುಕಿ ಪಳಗಿದ ಕಣ್ಣು ಅವಳದು. ಭೂತಗನ್ನಡಿ ಹಿಡಿದು ಕಂಡದ್ದನ್ನು ಕಂಡಹಾಗೆ ಹೇಳಬೇಕು. ನಾಲ್ಕು ಜನರಿದ್ದಲ್ಲಿ ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಹುಳದ ವಿಷಯ ಹೇಳುವಾಗ ಯಾರ ಮುಖವನ್ನೂ ನೋಡಬೇಕಿರಲಿಲ್ಲವಲ್ಲ, ಅದಕ್ಕೇ ಏನೋ, ಮಾತು ಬರುತ್ತಿತ್ತು.

ಮೊದಲು ಅಣಬೆ ಯಾವುದು ಹೇಳು, ಆಮೇಲೆ ಹುಳ ಎನ್ನುತ್ತಿದ್ದರು ಸರ್. ಮಳೆಗೆ ಎದ್ದು ಬಿಸಿಲಿಗೆ ಕರಗುವ ಮೆತ್ತನೆಯ ಅಣಬೆಗೆ ಬರುವವು ಬೇರೆಯೇ ಕುಟುಂಬ. ಬಣ್ಣದವು, ಅವಸರದವು, ತಿಂದು ತತ್ತಿಯಿಟ್ಟು ಹಾರಿಹೋಗುವವು. ಸರ್ ಬೆನ್ನು ಹತ್ತಿದ್ದು ಗಟ್ಟಿ ಅಣಬೆಗೆ ಬರುವವುಗಳ ಕುಟುಂಬವನ್ನು. ಸಾಸಿವೆಯಷ್ಟೇ ಗಾತ್ರ, ಕಂದು ಬಣ್ಣ, ಉರುಟು ಮೈ, ಮೀಸೆಯ ತುದಿಯಲ್ಲಿ ಮೂರು ಮಣಿ. ಕೆಲವು ಜಾತಿಯಲ್ಲಿ ಗಂಡಿಗೆ ಕೊಂಬು. ವಾಸನೆ ಹಿಡಿದು ತಮಗೆ ಒಗ್ಗುವ ಅಣಬೆಗೇ ಬರುತ್ತವೆ. ಒಳಗೆ ಕೊರೆದುಕೊಂಡು ಹೋದರೆ ಅಜ್ಜಿ, ಮಗಳು, ಮೊಮ್ಮಗಳು ಎಲ್ಲ ಅಲ್ಲಿಯೇ. ಅಣಬೆ ಪುಡಿಯಾಗುವ ತನಕ ಮನೆ ಬಿಡುವುದಿಲ್ಲ. ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಸಂಸಾರವಿದೆ ಎಂದರ್ಥ. ಬರೀ ತೂತುಗಳಿದ್ದರೆ ಬಿಟ್ಟುಹೋದ ಮನೆ.

ಹಿನ್ನೀರಿನ ಜಾಲಿಗಳಲ್ಲಿ ಅವರಿಗೆ ನಾಲ್ಕು ಕೊಂಬಿನ ಜಾತಿಯೊಂದು ಸಿಕ್ಕಿತ್ತಂತೆ. ಯಾವ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ. ಹೆಸರಿಡಬೇಕೆಂದರೆ ಕೊಲ್ಲಬೇಕು, ಗಂಡಿನ ಹೊಟ್ಟೆ ಸೀಳಿ ನೋಡಬೇಕು. ಕಾಲೇಜಿನಲ್ಲಿ ಎಷ್ಟೋ ವರ್ಷ ಅದನ್ನೇ ಮಾಡಿದವರು, ಹುಳ ಸಿಗುವ ಹಿಂದಿನ ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಜೀವ ಕೊಲ್ಲದ ವ್ರತ ಹಿಡಿದುಬಿಟ್ಟಿದ್ದರು. ಧಾರವಾಡದಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು, ಕೊಲ್ಲುವುದು ನನಗಿರಲಿ, ಹುಳಕ್ಕೆ ನಿಮ್ಮ ಹೆಸರೇ ಇಡೋಣ ಎಂದರು. ಸರ್ ಮರುದಿನವೇ ಡಬ್ಬಿ ಒಯ್ದು ಅದೇ ಗಿಡದ ಬುಡಕ್ಕೆ ಸುರಿದು ಬಂದರು. ಆಮೇಲೆ ಹೊಲದವರು ಆ ಗಿಡಗಳನ್ನು ಕಡಿದರು. ಪ್ರತಿ ಬೇಸಿಗೆ ಹಿಪ್ಪರಗಿಗೆ ಬಸ್ಸು ಹತ್ತಿ ಹೋಗಿ ಹುಡುಕಿದರೂ ಆ ಹುಳ ಮತ್ತೆ ಕಾಣಲಿಲ್ಲ. ಶೇವಂತಿಗೆ ಕ್ಯಾಲೆಂಡರಿನ ಹಿಂಬದಿಗೆ ಅಂಗೈಯಗಲ ಅದರ ಚಿತ್ರ ಬರೆದು ತೋರಿಸಿದ್ದರು, ಕಂಡರೆ ಗುರುತಿರಲಿ ಎಂದು.

ಕೊಂದಿದ್ದರೆ ಹೆಸರಾದರೂ ಉಳಿಯುತ್ತಿತ್ತಲ್ಲ ಎಂದು ಅವಳು ಒಮ್ಮೆ ಕೇಳಿದ್ದಳು.

"ಹೆಸರು ನಮಗ ಬೇಕವಾ" ಎಂದಿದ್ದರು ಸರ್. "ಅವಕ್ಕ ಅಣಬಿ ಇದ್ರ ಸಾಕು."

*

ಮೈ ತೊಳೆದು ಬಿಳಿ ಪಂಚೆ ಉಡಿಸಿಯಾಗಿತ್ತು. ಶೇವಂತಿ ಹೆಂಗಸರ ನಡುವೆ ದಾರಿ ಮಾಡಿಕೊಂಡು ರಾಜಮತಿಬಾಯಿಯ ಕಿವಿಯ ಹತ್ತಿರ ಬಾಗಿ ಹೇಳಿದಳು. ರಾಜಮತಿಬಾಯಿ ಗಂಡನ ಪಾದದ ಮೇಲೆ ಪಂಚೆಯ ಅಂಚು ಎಳೆದು ಸರಿಮಾಡಿದರು. ಆಮೇಲೆ ಮಗನನ್ನು ಕರೆದರು.

"ಸಿದ್ಧಾಂತ, ಕಟಗ್ಯಾಗ ಅವರ ಹುಳಾ ಅದಾವಂತ. ಆಕಿ ಹೇಳಿದಂಗ ಮಾಡು."

ಮುಧೋಳದ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ಸಿದ್ಧಾಂತ ಅಂಗಳಕ್ಕೆ ಬಂದು ವಿಷಯ ತೆಗೆದ. ಬೇರೆ ಕಟ್ಟಿಗೆ ತರಿಸುವುದಾದರೆ ಲೋಕಾಪುರದ ಅಡ್ಡೆಯಿಂದ ತರಿಸಬೇಕು, ಹೊತ್ತಾಗುತ್ತದೆ ಎಂದು ಯಾರೋ ಅಂದರು. ಕುರ್ಚಿಯಲ್ಲಿ ಕೂತಿದ್ದ ಪಾಯಪ್ಪಣ್ಣ ತಲೆ ಅಲ್ಲಾಡಿಸಿದರು. ಬಸದಿಯ ಹಿರಿಯರು, ಸರ್ ಜೊತೆಗೇ ವ್ರತ ಹಿಡಿದವರು.

"ಜೀವ ಹೋದ ದೇಹದೊಳಗ ತಾಸಿಗಿಂತ ಮೊದಲ ಬ್ಯಾರೆ ಜೀವ ಹುಟ್ಟಾಕ ಚಾಲೂ ಆಗತಾವು. ಇಟ್ಟಷ್ಟೂ ಹುಟ್ಟತಾವು. ಕಟಗ್ಯಾಗಿನ ಹುಳಾ ಉಳಸಾಕಂತ ಕುಂತ್ರ, ಈ ಕಡೆ ಲೆಕ್ಕ ಇಲ್ಲದಷ್ಟನ್ನ ಸುಡಬೇಕಾಕ್ಕೈತಿ. ತಾತ್ಯಾಗೂ ಇದು ಗೊತ್ತಿತ್ತು."

ಅದು ಸುಳ್ಳಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಶೇವಂತಿಗೂ ಗೊತ್ತಿತ್ತು, ಹೊತ್ತು ಮಾಡದೆ ಒಯ್ಯಿರಿ ಎಂದು ಸರ್ ತಾವೇ ಹೇಳಿದ್ದನ್ನು ಅವಳು ಕೇಳಿದ್ದಳು. ಹುಳ ಇರುವುದು ಅಣಬೆಯೊಳಗೆ, ಕಟ್ಟಿಗೆಯಲ್ಲಲ್ಲ, ಅಣಬೆಯನ್ನಷ್ಟು ಕೆತ್ತಿ ಕೊಟ್ಟರೆ ಸಾಕು ಎಂದು ಅವಳು ಸಿದ್ಧಾಂತನಿಗೆ ನೆಲ ನೋಡುತ್ತ ಹೇಳಿದಳು. ತಳದ ತುಂಡಿನದು ಎಂದು ಹೇಳುವಷ್ಟರಲ್ಲಿ ಅವನು ದುರಗೇಶನ ಕಡೆ ತಿರುಗಿಯಾಗಿತ್ತು.

ದುರಗೇಶನ ಮೋರೆ ಸಣ್ಣದಾಗಿತ್ತು. ಕೊಡಲಿ ಹಿಡಿದು ಟ್ರೇಲರ್ ಹತ್ತಿದ.

"ಆವಾಗೂ ಸರ್ ಹುಳದ ಪೇಪರಿನ್ಯಾಗ ನನ್ನ ನಪಾಸ ಮಾಡಿದ್ರು. ಇವತ್ತ ಕಟಗಿ ತಂದ್ರ ಅದ್ರಾಗೂ ಹುಳಾ ತೆಗದ್ರಿ ನೋಡ್ರಿ."

ಅಂಗಳದಲ್ಲಿ ಒಂದಿಬ್ಬರು ನಕ್ಕರು. ಸಿದ್ಧಾಂತನೂ ನಕ್ಕ, ನಕ್ಕಿದ್ದಕ್ಕೇ ಅವನ ಕಣ್ಣು ತುಂಬಿ ಬಂತು. ದುರಗೇಶ ಮೇಲಿನ ತುಂಡುಗಳಿಗೆ ಅಂಟಿದ್ದ ದೊಡ್ಡ ದೊಡ್ಡ ಅಣಬೆಗಳನ್ನು ಒಡೆಯದ ಹಾಗೆ ಕೆತ್ತಿ ತೆಗೆದು, ಶೇವಂತಿ ಹಿಡಿದ ಮೊರದಲ್ಲಿ ಒಂದೊಂದಾಗಿ ಇಟ್ಟ. ಎಳೆಗೂಸನ್ನು ಮಲಗಿಸುವ ಹಾಗೆ ಇಟ್ಟ.

"ಆತೇನವಾ? ಇನ್ನ ಸರ್ ನನಗ ಬೈಯೂದಿಲ್ಲಲಾ?"

ಶೇವಂತಿ ಗೋಣು ಆಡಿಸಿದಳು. ಬಾಗಿಲಲ್ಲಿ ನಿಂತ ಹೆಂಗಸರು ಪುಣ್ಯದ ಕೆಲಸವಾಯಿತು ಎಂದು ಮಾತಾಡಿಕೊಂಡರು. ಪಾಯಪ್ಪಣ್ಣ ಎದ್ದು, ಕಟ್ಟಿಗೆ ಮುಂದೆ ನಡೆಯಲಿ, ನದಿಯ ದಂಡೆಯಲ್ಲಿ ಚಿತೆ ಒಟ್ಟುವಷ್ಟರಲ್ಲಿ ನಾವು ದೇಹ ತರುತ್ತೇವೆ ಎಂದರು.

ಅವಳು ಗೋಡೆಯ ನೆರಳಿಗೆ ಸರಿದು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಣಬೆಗಳನ್ನು ತಿರುವಿ ನೋಡಿದಳು. ತಳದ ತುಂಬ ತೂತು. ತೂತಿನ ಬಾಯಿಗೆ ಜೇಡನ ನೂಲು. ಒಂದನ್ನು ಮುರಿದಳು; ಬೆಂಡಿನಂತೆ ಮುರಿಯಿತು. ಇನ್ನೊಂದನ್ನು ಮುರಿದಳು. ಎಲ್ಲಿಯೂ ಮಿಸುಕಾಟವಿರಲಿಲ್ಲ. ಅವೆಲ್ಲ ಎಂದೋ ಬಿಟ್ಟುಹೋದ ಮನೆಗಳು.

ಟ್ರೇಲರಿನ ಕೆಳಗೆ ಪುಡಿ ಇನ್ನೂ ಉದುರುತ್ತಲೇ ಇತ್ತು. ತಳದ ತುಂಡನ್ನು ತೆಗೆಯಬೇಕೆಂದರೆ ಹಗ್ಗ ಬಿಚ್ಚಿ ಇಡೀ ಹೇರನ್ನು ಇಳಿಸಬೇಕು. ಕೇಳಿದ್ದನ್ನು ಒಮ್ಮೆ ನಡೆಸಿಕೊಟ್ಟಿದ್ದಾರೆ. ಅದೇ ಬಾಯಿಂದ ಮತ್ತೆ ಕೇಳುವುದು ಹೇಗೆ?

ಒಳಗಿನಿಂದ ಣಮೋಕಾರ ಮಂತ್ರದ ದನಿ ಎದ್ದಿತು. ನಾಲ್ವರು ಸರ್ ಅವರನ್ನು ಹೊತ್ತುಕೊಂಡು ಹೊಸ್ತಿಲು ದಾಟಿದರು. ಹಿಂದೆ ರಾಜಮತಿಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ದುರಗೇಶ ಟ್ರ್ಯಾಕ್ಟರ್ ಹತ್ತಿ ಚಾವಿಗೆ ಕೈ ಹಾಕಿದ.

ಶೇವಂತಿ ಮೊರವನ್ನು ನೆಲಕ್ಕಿಟ್ಟು, ಗಂಡಸರ ನಡುವಿನಿಂದ ನಡೆದುಹೋಗಿ ಮುಂದಿನ ಗಾಲಿಯ ಎದುರಿಗೆ ನಿಂತಳು. ಮಂತ್ರದ ದನಿಗಳು ಒಂದೊಂದಾಗಿ ನಿಂತವು. ಅಷ್ಟು ಮುಖಗಳು ಒಮ್ಮೆಲೇ ತನ್ನ ಕಡೆ ತಿರುಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ದುರಗೇಶಣ್ಣಾ, ನೀವು ಕೊಟ್ಟಾವು ಖಾಲಿ ಅದಾವರಿ. ಹುಳಾ ತಳದ ತುಂಡಿನ್ಯಾಗ ಅದಾವು."

ದುರಗೇಶ ಸಿದ್ಧಾಂತನ ಕಡೆ ನೋಡಿದ. ಹೆಗಲ ಮೇಲೆ ತಂದೆಯನ್ನು ಹೊತ್ತಿದ್ದ ಸಿದ್ಧಾಂತ ಪಾಯಪ್ಪಣ್ಣನ ಕಡೆ ನೋಡಿದ. ಪಾಯಪ್ಪಣ್ಣ ಸರ್ ಮುಖದ ಕಡೆ ನೋಡಿದರು.

"ಅದೊಂದನ್ನ ಇಳಿಸಿ ಹೋಗ್ರಿ" ಎಂದಳು ಶೇವಂತಿ.